ಸಿಹಿ ನೀರಿನ ಓಣಿ

ನಳದ ಬಾಯಿ ನೆಲಮಟ್ಟದಿಂದ ಇಪ್ಪತ್ತೊಂದು ಇಂಚು ಕೆಳಗಿತ್ತು. ಕೈಚೀಲದಲ್ಲಿದ್ದ ಉಕ್ಕಿನ ಪಟ್ಟಿಯನ್ನು ಎರಡು ಸಲ ಇಳಿಬಿಟ್ಟು ಅಳೆದೆ. ಎರಡೂ ಸಲ ಅಷ್ಟೇ ಬಂತು. ಮನೆಯ ಕಟ್ಟೆಗೆ ತಾಗಿ ತೋಡಿದ ಚೌಕಾಕಾರದ ಕುಣಿ. ಅದರ ತಳದಲ್ಲಿ ಗೇಣುದ್ದ ನಿಂತ ನೀರು. ಆ ನೀರಿಗಿಂತ ಎರಡೇ ಬೆರಳು ಮೇಲೆ ಹಿತ್ತಾಳೆಯ ನಳ. ಕುಣಿಯ ಗೋಡೆಗೆ ಪಾಚಿಯ ಹಸಿರು ಗೆರೆ ಹಿಡಿದಿತ್ತು, ಅದು ನಳದ ಬಾಯಿಗಿಂತ ಎತ್ತರದಲ್ಲಿತ್ತು. ಅಂದರೆ ನಿಂತ ನೀರು ಕೆಲವು ದಿನ ಅಲ್ಲಿಯವರೆಗೂ ಏರುತ್ತಿತ್ತು.

"ಏನ ಅಳೀತೀರಿ ಬಾಯಾರ? ಇಲ್ಲೊಂದು ಮಗ್ಗ ಹೂಡವ್ರೇನು?" ಎಂದು ಆ ಮನೆಯ ಯಜಮಾನಿ ಕೇಳಿದರು. ನೇಕಾರರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯೂ ಹೆಚ್ಚುಕಡಿಮೆ ಅಷ್ಟೇ ಆಳವಿರುತ್ತದೆ. ಮಗ್ಗಕ್ಕೆ ಕುಣಿ ತೋಡಿ ಗೊತ್ತಿದ್ದ ಜನ, ನೀರು ಏರದಾದಾಗ ನಳಕ್ಕೂ ಒಂದು ತೋಡಿಕೊಂಡಿದ್ದರು. ಓಣಿಯಲ್ಲಿ ಹಾಗೆ ತೋಡದ ಮನೆ ನನಗೆ ಕಾಣಲಿಲ್ಲ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬಾಗಲಕೋಟೆಯಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಕೊಠಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬಾದಾಮಿ, ಹುನಗುಂದ, ಇಳಕಲ್ ಕಡೆಯ ಊರುಗಳಿಗೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಮಾದರಿ ತಂದು, ಪರೀಕ್ಷಿಸಿ, 'ಕುಡಿಯಲು ಯೋಗ್ಯ' ಅಥವಾ 'ಯೋಗ್ಯವಲ್ಲ' ಎಂದು ಬರೆದು ಸಹಿ ಮಾಡಬೇಕು. ಈ ಊರಿನ ಹೆಸರು ಬರೆಯುವುದಿಲ್ಲ. ಹುನಗುಂದ ದಾಟಿ ಹೋಗಬೇಕು ಎಂದಷ್ಟೇ ಹೇಳುತ್ತೇನೆ. ಇಳಕಲ್ ಸೀರೆಯ ಕೆಂಪು ಸೆರಗಿಗೆ ರೇಷ್ಮೆ ನೂಲನ್ನು ಬಣ್ಣದಲ್ಲಿ ಅದ್ದಿ ಕೊಡುವ ಮನೆಗಳು ಆ ಊರಿನ ಎತ್ತರದ ಓಣಿಯಲ್ಲಿದ್ದವು. ಆ ಊರಿಗೆ ನಾನು ಕೊಟ್ಟ ಮೂರು ಪ್ರಮಾಣಪತ್ರಗಳಲ್ಲೂ 'ಯೋಗ್ಯ' ಎಂದೇ ಇತ್ತು.

ನಾಲ್ಕನೆಯ ಸಲ ಹೋದದ್ದು ತಿಂಗಳ ಸರದಿಗಲ್ಲ. ಅಲ್ಲಿಯ ದವಾಖಾನೆಯ ನರ್ಸ್ ನನ್ನ ಹೆಸರಿಗೆ ಒಂದು ಕಾರ್ಡು ಬರೆದಿದ್ದರು. "ನಿಮ್ಮ ಸಹಿಯ ಕಾಗದ ನಮ್ಮ ಗೋಡೆಯ ಮೇಲಿದೆ. ಅದರ ಕೆಳಗೇ ಬಣ್ಣಗಾರರ ಓಣಿಯವರು ವಾಂತಿಭೇದಿಯಿಂದ ಮಲಗಿದ್ದಾರೆ. ಒಮ್ಮೆ ಬಂದು ನೋಡಿ ಹೋಗಿರಿ." ಬೈಗುಳ ಒಂದೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಯಜಮಾನಿ ನನ್ನನ್ನು ಒಳಗೆ ಕರೆದು, ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟರು.

"ಕುಡೀರಿ. ನಮ್ಮ ಓಣಿ ನೀರು ಭಾಳ ಸಿಹಿ. ಕೆಳಗಿನ ಊರಾಗ ಬೀಗರು ಬಂದ್ರ ಇಲ್ಲಿಂದನ ಒಂದು ಕೊಡ ಒಯ್ತಾರ. ಅಲ್ಲಿ ನೀರು ದವಾಖಾನಿ ನಾತ ನಾರತೈತಿ."

ಎರಡೂವರೆ ಗಂಟೆ ಬಸ್ಸಿನ ಧೂಳು ಗಂಟಲಲ್ಲಿತ್ತು. ತಂಬಿಗೆಯ ನೀರು ಪೂರ್ತಿ ಕುಡಿದು, ಚಲೋ ಅದಾವ ಎಂದೆ. ಅದು ಸುಳ್ಳಲ್ಲ. ಆದರೆ ರಸಾಯನಶಾಸ್ತ್ರ ಓದಿದ ನಾನು, ಆ ನೀರಿಗೆ ವಾಸನೆ ಏಕಿಲ್ಲ ಎಂದು ಆ ಹೊತ್ತಿಗೆ ಕೇಳಿಕೊಳ್ಳಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿದ ನೀರು ರಾತ್ರಿಯೆಲ್ಲ ಕೊಡದಲ್ಲಿದ್ದರೆ ವಾಸನೆ ಹಾರಿಹೋಗುತ್ತದೆ ಎಂಬ ಸಮಾಧಾನ ತಲೆಯ ಒಂದು ಮೂಲೆಯಲ್ಲಿ ತಾನಾಗಿಯೇ ಹುಟ್ಟಿಕೊಂಡಿತ್ತು.

"ನಮ್ಮ ಕೊಡ ನೋಡಾಕ ಬಂದೀರೇನು?" ಯಜಮಾನಿ ಎದುರಿಗೆ ಕುಳಿತರು. "ಹೋದ ವಾರ ನಿಮ್ಮ ಆಫೀಸಿನಾಂವ ಒಬ್ಬ ಬಂದಿದ್ದ. ಯಾವುದೋ ಕಾಗದ ಹಿಡಕೊಂಡು, ನೀರು ಚಲೋ ಅದಾವ ಅಂತ ಇದರಾಗ ಬರದೈತಿ, ನಿಮ್ಮ ಕೊಡ ಹೊಲಸ, ನಿಮ್ಮ ಕೈ ಹೊಲಸ, ಹುಣಸಿಹಣ್ಣ ಹಚ್ಚಿ ತಿಕ್ಕ್ರಿ ಅಂದ. ತಿಕ್ಕಿ ತಿಕ್ಕಿ ಕೊಡದ ತಳಾ ತೂತು ಬೀಳಾಕ ಬಂದಾವ. ಸೊಸಿ ಮಾತ್ರ ಎರಡನೇ ಸಲ ದವಾಖಾನಿ ಸೇರ್ಯಾಳ. ಏಳು ತಿಂಗಳ ಬಸುರಿ ಆಕಿ."

ಆ ಕಾಗದದ ಸಹಿ ನನ್ನದು ಎಂದು ನಾನು ಹೇಳಲಿಲ್ಲ. ಬಾಟಲಿ ತೆಗೆದು ಕೊಡದಿಂದ ಒಂದು, ಕುಣಿಯಿಂದ ಒಂದು ಮಾದರಿ ತೆಗೆದುಕೊಂಡೆ. ನಳದಿಂದ ತೆಗೆಯಲು ಆಗಲಿಲ್ಲ. ಆ ಓಣಿಗೆ ನೀರು ಬರುವುದು ಬೆಳಗಿನ ಐದರಿಂದ ಆರು. ನನ್ನ ಬಸ್ಸು ಬರುವುದು ಹತ್ತೂವರೆಗೆ. ಹಿಂದಿನ ಮೂರೂ ಸಲ ಬಸ್ ನಿಲ್ದಾಣದ ಹತ್ತಿರದ ಸಾರ್ವಜನಿಕ ಕಟ್ಟೆ ನಳದಿಂದಲೇ ಮಾದರಿ ತೆಗೆದಿದ್ದೆ. ಅದು ಕೆಳಗಿನ ಊರು, ಅಲ್ಲಿ ಸಂಜೆಯವರೆಗೂ ನೀರು ಇರುತ್ತಿತ್ತು. ಎತ್ತರದ ಕಂಬಗಳ ಮೇಲಿನ ತೊಟ್ಟಿ, ಒಂದೇ ಟಾಕಿಯಿಂದ ಬರುವ ನೀರು, ಒಂದು ಕಡೆ ಹಿಡಿದರೆ ಊರಿಗೆಲ್ಲ ಸಾಕು ಎಂದುಕೊಂಡಿದ್ದೆ. ಯಾರೂ ಹಾಗೆ ಮಾಡಬೇಡ ಎಂದಿರಲಿಲ್ಲ, ಹಾಗೆಯೇ ಮಾಡು ಎಂದೂ ಹೇಳಿರಲಿಲ್ಲ.

ಮಾದರಿಯ ಬಾಟಲಿಗಳನ್ನು ತಂಪಾಗಿ ಒಯ್ಯಬೇಕು. ಹುನಗುಂದದಲ್ಲಿ ಬಸ್ಸು ನಿಂತಾಗ ಐಸ್ ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ ಕೊಂಡು, ಕಟ್ಟಿಗೆಯ ಹೊಟ್ಟು ತುಂಬಿದ ಬಕೀಟಿನಲ್ಲಿ ಬಾಟಲಿಗಳ ಸುತ್ತ ಒತ್ತಿದೆ. ಕಮತಗಿ ಬರುವಷ್ಟರಲ್ಲಿ ಬಕೀಟಿನಿಂದ ನೀರು ಸೋರಿ ಪಕ್ಕದವರ ಧೋತರ ತೊಯ್ದಿತ್ತು. ಸಂಜೆ ಕೊಠಡಿ ತಲುಪಿ, ನೇರಳೆ ಬಣ್ಣದ ಪೋಷಕ ದ್ರವವಿದ್ದ ನಳಿಕೆಗಳಿಗೆ ಮಾದರಿ ಹಾಕಿ, ಮೂವತ್ತೇಳು ಡಿಗ್ರಿ ಶಾಖದ ಪೆಟ್ಟಿಗೆಯಲ್ಲಿಟ್ಟೆ. ನೀರಿಗೆ ಮಲದ ಸಂಪರ್ಕವಿದ್ದರೆ ದ್ರವ ಹಳದಿಗೆ ತಿರುಗಿ, ಒಳಗಿನ ಪುಟ್ಟ ನಳಿಕೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ಅದನ್ನು ಖಚಿತವಾಗಿ ಹೇಳಲು ಎರಡು ದಿನ ಬೇಕು.

ಎರಡನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಪೆಟ್ಟಿಗೆಯ ಉಷ್ಣಮಾಪಕ ಇಪ್ಪತ್ತೊಂಬತ್ತರಲ್ಲಿತ್ತು. ಕರೆಂಟು ಯಾವಾಗ ಹೋಯಿತು, ಯಾವಾಗ ಬಂತು, ಗೊತ್ತಿಲ್ಲ. ಇಪ್ಪತ್ತೊಂಬತ್ತು ಡಿಗ್ರಿಯ ಫಲಿತಾಂಶಕ್ಕೆ ಅರ್ಥವಿಲ್ಲ. ಎಲ್ಲವನ್ನೂ ಕುದಿಸಿ ಚೆಲ್ಲಿದೆ. ಆ ದಿನ ಕೊಠಡಿಯಲ್ಲಿ ಕೂರಲಾಗಲಿಲ್ಲ. ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆದೆ. ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ಊರ ಹೊರಗಿನ ರಸ್ತೆಯಲ್ಲಿ ಕತ್ತಲಾಗುವವರೆಗೆ ನಡೆದೆ. ತಂಬಿಗೆಯ ನೀರು ನೆನಪಾದಾಗಲೆಲ್ಲ ಹೊಟ್ಟೆಯಲ್ಲಿ ಏನಾದರೂ ಆಗುತ್ತಿದೆಯೇ ಎಂದು ಗಮನಿಸುತ್ತಿದ್ದೆ. ಏನೂ ಆಗಲಿಲ್ಲ. ಆಗಿದ್ದರೆ ಒಂದು ಸಾಕ್ಷಿಯಾದರೂ ಸಿಗುತ್ತಿತ್ತು ಎಂಬ ವಿಚಿತ್ರ ಬೇಸರವೂ ಬಂತು.

ಮತ್ತೆ ಹೋದೆ. ಈ ಸಲ ಓಣಿಯ ನಾಲ್ಕು ಮನೆಗಳ ಕೊಡದ ನೀರು ತಂದೆ. ಜೊತೆಗೆ ಕಟ್ಟೆ ನಳದ್ದು. ಶಾಖದ ಪೆಟ್ಟಿಗೆಗೆ ಕಂಬಳಿ ಸುತ್ತಿ, ಕರೆಂಟು ಹೋದರೆ ಒಳಗೆ ಬಿಸಿನೀರಿನ ಬಾಟಲಿ ಇಡಲು ಕೊಠಡಿಯ ಸಹಾಯಕನಿಗೆ ಹೇಳಿದ್ದೆ. ಫಲಿತಾಂಶ ಬಂತು. ಕಟ್ಟೆ ನಳದ ನಳಿಕೆಗಳೆಲ್ಲ ನೇರಳೆಯಾಗಿಯೇ ಉಳಿದಿದ್ದವು. ನಾಲ್ಕು ಮನೆಗಳಲ್ಲಿ ಮೂರರ ನಳಿಕೆಗಳು ಹಳದಿಯಾಗಿ, ಗಾಳಿ ತುಂಬಿಕೊಂಡಿದ್ದವು.

ಆ ಊರಿನ ನೀರಿನ ಉಸ್ತುವಾರಿ ಹುನಗುಂದದಲ್ಲಿ ಕೂರುವ ಒಬ್ಬ ಇಂಜಿನಿಯರರದು. ಅವರು ಕೆಲಸದ ಮೇಲೆ ಬಾಗಲಕೋಟೆಗೆ ಬಂದಾಗ ಕಾಗದ ತೋರಿಸಿದೆ. ಕೆಟ್ಟ ಮನುಷ್ಯರಲ್ಲ, ಒಂದು ಮೋಟಾರ್ ಸೈಕಲ್ಲಿನ ಮೇಲೆ ಹತ್ತಾರು ಊರುಗಳ ಪಂಪು ನೋಡಿಕೊಳ್ಳುತ್ತಿದ್ದವರು.

"ಇದರಾಗ ನೀವ ಬರದೀರಲ್ರಿ ಮೇಡಮ್. ನಳದ ನೀರು ಚಲೋ, ಕೊಡದ ನೀರು ಕೆಟ್ಟೈತಿ. ಅಂದ್ರ ತಪ್ಪು ಕೊಡದ್ದ ಆತು."

"ಕಟ್ಟೆ ನಳ ಬ್ಯಾರೆ, ಓಣಿ ನಳ ಬ್ಯಾರೆ ಸರ್. ಓಣಿ ನಳದ್ದು ನಾ ಹಿಡದಿಲ್ಲ."

"ಟಾಕಿ ಒಂದ ಐತಲ್ರಿ? ಆಕಳ ಒಂದ ಇದ್ದ ಮ್ಯಾಲ ಒಂದ ಮೊಲಿಯಾಗ ಹಾಲು, ಇನ್ನೊಂದರಾಗ ನೀರು ಬರತೈತೇನು?"

ಸುತ್ತಲಿದ್ದವರು ನಕ್ಕರು. ನನ್ನದೇ ಹಿಂದಿನ ವಿಚಾರವನ್ನು ಅವರು ನನಗಿಂತ ಚೆನ್ನಾಗಿ ಹೇಳಿದ್ದರು. ನಾನು ಕಾಗದ ಮಡಚಿಕೊಂಡೆ.

ಓಣಿಯ ನಳದಿಂದಲೇ ಮಾದರಿ ಹಿಡಿಯಲು ಬೆಳಗಿನ ಐದು ಗಂಟೆಗೆ ಅಲ್ಲಿರಬೇಕೆಂದರೆ ಹಿಂದಿನ ದಿನವೇ ಹೋಗಬೇಕು. ನರ್ಸ್‌ಗೆ ಕಾರ್ಡು ಬರೆದೆ. ದವಾಖಾನೆಯ ಹಿಂದಿನ ತಮ್ಮ ಕೋಣೆಯಲ್ಲೇ ಇರಲು ಹೇಳಿದರು. ಸಂಜೆ ಬಸ್ಸಿಳಿದು ಹೋದಾಗ ಅವರು ಔಷಧಿಯ ಶೀಸೆಗಳನ್ನು ಒರೆಸುತ್ತಿದ್ದರು.

"ಬಂದೆಲ್ಲವಾ, ಸಹಿ ಮಾಡಾಕಿ? ನೀ ಯಾರೋ ಮುದುಕಿ ಇರಬೇಕು ಅನಕೊಂಡಿದ್ದೆ."

"ತಪ್ಪಾತೇನ್ರಿ ಅಕ್ಕಾ, ಮುದುಕಿ ಆಗೂದರಾಗ ಬಂದದ್ದು?"

"ತಪ್ಪೇನಿಲ್ಲ. ಮುದುಕಿ ಆಗಿದ್ರ ಬರತಿರಲಿಲ್ಲ."

ಹೆಂಗಸರ ವಾರ್ಡಿನಲ್ಲಿ ಯಜಮಾನಿಯ ಸೊಸೆ ಮಲಗಿದ್ದಳು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವಳು. ಕೈಗೆ ಸಲೈನ್ ಹಚ್ಚಿದ್ದರು. ತುಟಿ ಒಡೆದಿತ್ತು. ಹೊಟ್ಟೆಯ ಮೇಲೆ ಇನ್ನೊಂದು ಕೈಯಿಟ್ಟುಕೊಂಡು ತೊಲೆ ನೋಡುತ್ತಿದ್ದಳು. ಮಂಚದ ಪಕ್ಕದಲ್ಲಿ ತಳತಳ ಹೊಳೆಯುವ ತಾಮ್ರದ ಕೊಡ.

"ಇದೇನ್ರಿ ಅಕ್ಕಾ?" ಎಂದು ನರ್ಸನ್ನು ಕೇಳಿದೆ.

"ಅತ್ತಿ ದಿನಾ ಮುಂಜಾನೆ ಹೊತ್ಕೊಂಡು ಬರ್ತಾಳವಾ. ದವಾಖಾನಿ ನಳದ ನೀರು ನಾರತಾವು, ಬಸುರಿ ಹೆಂಗಸಿಗೆ ವಾಕರಿಕಿ ಬರತೈತಿ ಅಂತ. ಒಂದು ಮೈಲಿ ಆತು ಅಲ್ಲಿಂದ. ಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲ."

ನಾನು ಚೀಲದಿಂದ ಗಾಜಿನ ನಳಿಕೆ ತೆಗೆದೆ. ನೀರಿಗೆ ಆರ್ಥೋಟೊಲಿಡಿನ್ ದ್ರಾವಣದ ಕೆಲವು ಹನಿ ಬಿಟ್ಟರೆ, ಬ್ಲೀಚಿಂಗ್ ಪುಡಿಯ ಕ್ಲೋರಿನ್ ಅದರಲ್ಲಿ ಉಳಿದಿದ್ದರೆ, ಹಳದಿ ಬರುತ್ತದೆ. ದವಾಖಾನೆಯ ನಳದ ನೀರು ಕಡಲೆಬೇಳೆಯ ಕಟ್ಟಿನಂತೆ ಹಳದಿಯಾಯಿತು. ಕೊಡದ ನೀರು ಹಾಗೆಯೇ ನಿಂತಿತು. ನರ್ಸ್ ನನ್ನ ಮುಖ ನೋಡಿದರು. ಇದರಿಂದ ಏನೂ ಹೇಳಲಿಕ್ಕಾಗುವುದಿಲ್ಲ ಎಂದೆ. ತುಂಬಿಟ್ಟ ನೀರಿನಲ್ಲಿ ಸಂಜೆಯ ಹೊತ್ತಿಗೆ ಕ್ಲೋರಿನ್ ಉಳಿಯುವುದಿಲ್ಲ. ಆಗಲೇ ಆ ಕೊಡವನ್ನು ಹೊರಗೆ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ. ಖಚಿತವಿಲ್ಲದ್ದನ್ನು ಮಾಡಬಾರದು ಎಂಬುದು ನನ್ನ ಓದು ಕಲಿಸಿದ್ದು. ಆ ರಾತ್ರಿಯ ನಿದ್ರೆಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಐದಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ನಾನು ಓಣಿಯ ತುದಿಯ ವಾಲ್ವಿನ ಹತ್ತಿರ ನಿಂತಿದ್ದೆ. ನೀರು ಬಿಡುವ ಹಿರಿಯರು ಕಬ್ಬಿಣದ ಉದ್ದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಊರವರೆಲ್ಲ ಅವರನ್ನು ನೀರಿನ ಕಾಕಾ ಎನ್ನುತ್ತಿದ್ದರು.

"ಏನ್ರಿ ಬಾಯಾರ, ಇಷ್ಟ ನಸುಕಿನ್ಯಾಗ?"

"ನೀರು ಬರೂದು ನೋಡಬೇಕಾಗೇತಿ ಕಾಕಾ."

"ನೀರು ಬರದ ದಿನ ನನ್ನ ನೋಡಾಕ ಮಂದಿ ಭಾಳ ಬರ್ತಾರ. ಬರೂ ದಿನ ಬಂದಾಕಿ ನೀವ ಮೊದಲನೇದಾಕಿ."

ಅವರು ಚಾವಿ ತಿರುಗಿಸಿದರು. ಓಣಿಯಲ್ಲಿ ಕೊಡಗಳ ಸದ್ದು ಎದ್ದಿತು. ಯಜಮಾನಿಯ ಮನೆಯ ಕುಣಿಯಲ್ಲಿ ಅವರ ಮಗ ಇಳಿದು, ನಳದ ಕೆಳಗೆ ಚರಿಗೆ ಹಿಡಿದು, ತುಂಬಿದ್ದನ್ನು ಮೇಲಿನ ಕೊಡಕ್ಕೆ ಸುರಿಯುತ್ತಿದ್ದ. ಮೊದಲ ಎರಡು ಕೊಡ ಬೇರೆ ಇಟ್ಟರು. ಅದು ದನಕ್ಕೆ. ಕಾಲು ಗಂಟೆ ಬಿಟ್ಟು ನಾನು ನಳಿಕೆಗೆ ನೀರು ಹಿಡಿದು, ಹನಿ ಬಿಟ್ಟು, ಕಂದೀಲಿನ ಬೆಳಕಿಗೆ ಎತ್ತಿದೆ. ಬಣ್ಣ ಬರಲಿಲ್ಲ. ಇನ್ನೂ ನಾಲ್ಕು ಹನಿ ಬಿಟ್ಟೆ. ಬರಲಿಲ್ಲ. ಎದುರು ಮನೆಗೆ ಹೋದೆ, ಓಣಿಯ ಕೊನೆಯ ಮನೆಗೆ ಓಡಿದೆ. ಎಲ್ಲಿಯೂ ಬರಲಿಲ್ಲ. ದ್ರಾವಣ ಕೆಟ್ಟಿರಲಿಲ್ಲ, ಹಿಂದಿನ ಸಂಜೆಯೇ ದವಾಖಾನೆಯಲ್ಲಿ ಹಳದಿ ತೋರಿಸಿತ್ತು. ಮೂರು ಮನೆಗಳ ನಳದ ಬಾಯಿಯನ್ನು ಬೆಂಕಿಯಿಂದ ಸುಟ್ಟು ಶುದ್ಧಮಾಡಿ, ಮಾದರಿಯ ಬಾಟಲಿ ತುಂಬಿಕೊಂಡು, ಕಾಕಾ ಇದ್ದಲ್ಲಿಗೆ ಬಂದೆ.

"ಕಾಕಾ, ಟಾಕಿಗೆ ಪುಡಿ ಯಾವಾಗ ಹಾಕ್ತೀರಿ?"

"ಇವರದ್ದು ಮುಗದ ಮ್ಯಾಲ. ಆರೂವರಿಗೆ."

"ಹಂಗಾರ ಇವರಿಗೆ?"

"ಇವರಿಗೆ ಎಲ್ಲಿ ಹಾಕ್ತಾರ್ರಿ!" ನನ್ನ ಅಜ್ಞಾನಕ್ಕೆ ಅವರಿಗೆ ನಗು ಬಂತು. "ಬಣ್ಣದ ಮನಿ ಇವು. ಪುಡಿ ಹಾಕಿದ ನೀರಾಗ ಕೆಂಪು ಅದ್ದಿದ್ರ ಸುಟ್ಟ ಇಟ್ಟಂಗಿ ಬಣ್ಣ ಆಗತೈತಿ. ಅದಕ್ಕ ತುಂಬಿದ ಟಾಕಿ ಮೊದಲ ಇವರಿಗೆ. ಹೆಂಗೂ ತುಂಬಿದ್ದಾಗ ಅಷ್ಟ ನೀರು ಈ ದಿನ್ನಿಗೆ ಏರೂದು. ಆಮ್ಯಾಲ ಪುಡಿ ಕಲಸಿ, ಬಟ್ಟಿಲೆ ಸೋಸಿ ಹಾಕಿ, ಕೆಳಗಿನ ಊರಿಗೆ ಬಿಡ್ತೇನಿ. ನಮ್ಮಪ್ಪನೂ ಬಣ್ಣದಾಂವನ ಇದ್ದ. ಕೆಂಪು ಕೆಟ್ರ ಮನಿಯಾಗ ಒಲಿ ಹೊತ್ತೂದಿಲ್ಲ ಅನ್ನೂದು ನನಗ ಯಾರೂ ಹೇಳಬೇಕಾಗಿಲ್ಲ."

"ಎಷ್ಟ ದಿವಸದಿಂದ ಹಿಂಗ?"

"ನಾ ಚಾವಿ ಹಿಡದಾಗಿಂದ. ಯಾರಿಗೂ ಏನೂ ಆಗಿರಲಿಲ್ಲ. ಈ ಎರಡು ಬ್ಯಾಸಿಗಿಯಿಂದ ಅಷ್ಟ ಈ ಬ್ಯಾನಿ."

ಎರಡು ಬೇಸಿಗೆಯ ಹಿಂದೆ ಏನಾಯಿತು ಎಂದು ಕೇಳಿದೆ. ಕೆಳಗಿನ ಊರಿಗೆ ಹೊಸ ನಳಗಳನ್ನು ಕೊಟ್ಟಿದ್ದರು. ಮೇಲಿನ ಓಣಿಗೆ ನೀರಿನ ಜೋರು ಕಡಿಮೆಯಾಯಿತು. ಜನ ನಳಗಳನ್ನು ಕುಣಿಗೆ ಇಳಿಸಿದರು.

ಆರಕ್ಕೆ ಕಾಕಾ ವಾಲ್ವು ಮುಚ್ಚಿದರು. ನಾನು ಯಜಮಾನಿಯ ಮನೆಯ ಕುಣಿಯ ಅಂಚಿಗೆ ಮೊಣಕಾಲೂರಿ ಕುಳಿತೆ. ಚರಿಗೆಯಿಂದ ಚೆಲ್ಲಿದ ನೀರು, ಪಕ್ಕದ ಗಟಾರದಿಂದ ಒಸರಿದ ನೀರು ಎಲ್ಲ ಸೇರಿ ನಳದ ಬಾಯಿ ಮುಳುಗಿತ್ತು. ನಳವನ್ನು ಯಾರೂ ಮುಚ್ಚಿರಲಿಲ್ಲ. ನೀರು ನಿಂತ ಮೇಲೆ ಯಾರು ಮುಚ್ಚುತ್ತಾರೆ? ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೀರಿದಂಥ ಒಂದು ಸಣ್ಣ ಸದ್ದು ಬಂತು, ಮಗು ಬಟ್ಟಲಿನ ತಳದ ಹಾಲು ಹೀರಿದ ಹಾಗೆ. ಮೇಲೆ ತೇಲುತ್ತಿದ್ದ ಕೆಂಪು ನೂಲಿನ ತುಂಡೊಂದು ನಿಧಾನವಾಗಿ ತಿರುಗಿ, ನಳದ ಕಡೆಗೆ ಸರಿದು, ಅದರ ಬಾಯೊಳಗೆ ಹೋಯಿತು. ಕುಣಿಯ ನೀರು ಒಂದು ಬೆರಳು ಇಳಿಯಿತು.

"ಕಾಕಾ, ಇಲ್ಲಿ ಬರ್ರಿ."

ಅವರು ಬಂದು ಕುಕ್ಕರಗಾಲಲ್ಲಿ ಕುಳಿತು ನೋಡಿದರು. ನೀರು ಇನ್ನೂ ಇಳಿಯುತ್ತಿತ್ತು.

"ಇದು ಎಲ್ಲಿಗೆ ಹೊಂಟೈತಿ?"

"ನಿಮ್ಮ ಪೈಪಿನ್ಯಾಗ. ಮುಚ್ಚಿದ ಮ್ಯಾಲ ಪೈಪಿನ ನೀರು ಇಳಿಜಾರಿಗೆ ಇಳೀತೈತಿ, ಹಿಂದಿಂದ ಇದನ್ನ ಎಳಕೋತೈತಿ. ನಾಳೆ ನಸುಕಿನ್ಯಾಗ ವಾಪಸ್ ಬರತೈತಿ. ಪುಡಿ ಇದ್ದಿದ್ರ ಒಂದಿಷ್ಟಾದರೂ ತಡೀತಿತ್ತು."

ಕಾಕಾ ಚಾವಿಯನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟರು.

ಬಾಟಲಿಗಳ ಫಲಿತಾಂಶಕ್ಕೆ ಎರಡು ದಿನ ಬೇಕಿತ್ತು. ಆಮೇಲೆ ಬಂತು, ಮೂರರಲ್ಲಿ ಮೂರೂ ಕೆಟ್ಟಿದ್ದವು. ಆದರೆ ಆ ಬೆಳಿಗ್ಗೆ ಅದು ನನ್ನ ಕೈಯಲ್ಲಿರಲಿಲ್ಲ. ಇದ್ದದ್ದು ಬಣ್ಣ ಬಾರದ ಒಂದು ನಳಿಕೆ, ಕಣ್ಣಾರೆ ಕಂಡ ಒಂದು ನೂಲಿನ ತುಂಡು. ಹಿಂದಿನ ಸಂಜೆ ಕಾಯ್ದಂತೆ ಈ ಸಲವೂ ಕಾಯಬಹುದಿತ್ತು. ಕಾಯಲಾರೆ ಎಂದು ಅನಿಸಿದ್ದು ಯೋಚಿಸಿ ಅಲ್ಲ. ಕಾಲುಗಳು ಆಗಲೇ ದವಾಖಾನೆಯ ದಾರಿ ಹಿಡಿದಿದ್ದವು.

ಯಜಮಾನಿ ನನಗಿಂತ ಮೊದಲೇ ತಲುಪಿ, ಹೊಸ ನೀರಿನ ಕೊಡವನ್ನು ಮಂಚದ ಪಕ್ಕ ಇಡುತ್ತಿದ್ದರು. ನಾನು ಏನೂ ಹೇಳದೆ ಅದನ್ನೆತ್ತಿ, ಹೊರಗೆ ಒಯ್ದು, ಬೇವಿನ ಬುಡಕ್ಕೆ ಸುರಿದೆ.

"ಏನ್ ಮಾಡಿದ್ರಿ! ಒಂದು ಮೈಲಿ ಹೊತ್ಕೊಂಡು ಬಂದೇನಿ! ಬ್ಯಾಡಾಗಿತ್ತಂದ್ರ ಬಾಯಿಲೆ ಹೇಳಾಕ ಬರತಿರಲಿಲ್ಲೇನು?"

"ಆ ನೀರು ಕೊಡಬ್ಯಾಡ್ರಿ ಆಕಿಗೆ. ಈ ನಾರೂ ನೀರನ್ನ ಕುದಿಸಿ ಕೊಡ್ರಿ."

"ಮತ್ತ ನಮ್ಮ ಕೊಡದ್ದ ತಪ್ಪ?"

ಆ ಪ್ರಶ್ನೆಗೆ ಅಲ್ಲಿಯೇ ಉತ್ತರ ಕೊಡಬೇಕಿತ್ತು. ನರ್ಸ್ ಒಳಗಿನಿಂದ ಬಂದರು, ನಾನು ಅವರಿಗೆ ಕುದಿಸುವ ಮಾತು ಹೇಳುತ್ತ ತಪ್ಪಿಸಿಕೊಂಡೆ.

ಬಾಟಲಿಗಳನ್ನು ಬಕೀಟಿನಲ್ಲಿಟ್ಟು ಒಂಬತ್ತರ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಹುನಗುಂದದಲ್ಲಿ ಮಂಜುಗಡ್ಡೆ ಹಾಕಿಸಿ, ಬಾಗಲಕೋಟೆಯಲ್ಲಿ ನಮ್ಮ ಸಹಾಯಕನಿಗೆ ಮುಟ್ಟಿಸಲು ಹೇಳಿದೆ. "ಏನ್ರಿ ಇದರಾಗ, ಕರದಂಟೇನು?" ಎಂದು ಆತ ಹೊಟ್ಟಿನೊಳಗೆ ಬೆರಳು ಹಾಕಿದ. "ತಿಂದೀರಿ ಮತ್ತ,"  ಎಂದೆ.

ಅದೇ ಕಂಡಕ್ಟರ ಕೈಯಲ್ಲಿ ಹುನಗುಂದದ ಇಂಜಿನಿಯರರಿಗೆ ಒಂದು ಚೀಟಿಯನ್ನೂ ಕಳಿಸಿದ್ದೆ, ಅವರು ಹನ್ನೊಂದಕ್ಕೆ ಬಂದರು. ಟಾಕಿಯ ನೆರಳಿನಲ್ಲಿ ಕಾಕಾ, ಅವರು, ನಾನು ನಿಂತೆವು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕಾಕಾ ಕಡೆಗೆ ತಿರುಗಿದರು. "ಖರೆ ಏನು?"

"ಖರೆ ಸಾಹೇಬ್ರ. ನಾ ಕದ್ದು ಮಾಡಿಲ್ಲ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ."

ಇಂಜಿನಿಯರರು ಬೇಗ ಬೇಗ ಹೇಳಿದರು: ಆ ಓಣಿಯವರು ಇವತ್ತು ತುಂಬಿದ ನೀರನ್ನೆಲ್ಲ ಚೆಲ್ಲಿಸುವುದು. ಸಂಜೆ ಟಾಕಿಗೂ ಪೈಪಿಗೂ ಜೋರಾಗಿ ಪುಡಿ ಹಾಕಿ ತೊಳೆಯುವುದು. ನಾಳೆಯಿಂದ ಮೊದಲು ಪುಡಿ, ಅರ್ಧ ತಾಸು ಬಿಟ್ಟು ನೀರು. ಈ ವಾರದಲ್ಲಿ ನಳಗಳನ್ನು ಕುಣಿಯಿಂದ ಎತ್ತಿಸಲು ಫಿಟ್ಟರನನ್ನು ಕಳಿಸುತ್ತೇನೆ.

"ಆತಲ್ರಿ ಮೇಡಮ್? ಇಷ್ಟಕ್ಕ ಮುಗಸೂಣು. ಹಳೇ ಕಾಗದ ಕೆದರಬ್ಯಾಡ್ರಿ. ಅವು ತಪ್ಪು ಅಂತ ನೀವು ಬರದ್ರ, ಮ್ಯಾಲಿನವರು ಯಾಕ ತಪ್ಪು ಅಂತ ಕೇಳ್ತಾರ. ಈ ಮನಷ್ಯಾ ಮನೀಗೆ ಹೋಗ್ತಾನ. ಎರಡು ವರ್ಷ ಉಳದೈತಿ ನಿವೃತ್ತಿಗೆ. ನಿಮ್ಮದೂ ಇನ್ನೂ ಕಾಯಂ ಆಗಿಲ್ಲ."

ಎಲ್ಲವೂ ನಿಜ. ನೀರು ಸರಿಯಾಗುತ್ತದೆ ಎಂದ ಮೇಲೆ ಇನ್ನೇನು ಬೇಕು ಎಂದು ನನಗೂ ಅನಿಸಿತು. ಆದರೆ ಆ ಮೂರು ಕಾಗದಗಳು ಹಾಗೆಯೇ ಉಳಿದರೆ, ನೀರು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು ಎಂದಾಗುತ್ತದೆ. ಬೇನೆ ಬಂದದ್ದು ಕೊಡದಿಂದ, ಆ ಹೆಂಗಸರ ಕೈಯಿಂದ ಎಂದಾಗುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದವರ ಮೇಲೆ ಆ ಮಾತು ನನ್ನ ಸಹಿಯೊಂದಿಗೆ ನಿಂತುಬಿಡುತ್ತದೆ.

ಟಾಕಿಯ ಕೆಳಗಿನ ಕೋಣೆಯಲ್ಲಿ ನೀರಿನ ದಾಖಲೆ ಪುಸ್ತಕವಿತ್ತು. ಅದರಲ್ಲಿ ಬರೆದೆ. ಮೊದಲ ವಾಕ್ಯ ನನ್ನದೇ: ಮೂರು ತಿಂಗಳೂ ಬಣ್ಣಗಾರರ ಓಣಿಯ ನಳದಿಂದ ನಾನು ಮಾದರಿ ತೆಗೆದಿರಲಿಲ್ಲ; ಆದ್ದರಿಂದ ಆ ಓಣಿಯ ಮಟ್ಟಿಗೆ ನನ್ನ ಮೂರೂ ಪ್ರಮಾಣಪತ್ರಗಳನ್ನು ಹಿಂದಕ್ಕೆ ಪಡೆದಿದ್ದೇನೆ. ಎರಡನೆಯದು: ಪುಡಿ ಹಾಕುವ ಮೊದಲೇ ಆ ಓಣಿಗೆ ನೀರು ಬಿಡುವ ಪದ್ಧತಿ ಹಿಂದಿನಿಂದ ಇತ್ತು; ಪರೀಕ್ಷೆ ಮಾಡುವವರು ಅದನ್ನು ವಿಚಾರಿಸಿರಲಿಲ್ಲ. ಕುಣಿಗಳ ವಿಷಯ ಮೂರನೆಯದು. ಯಾರ ಹೆಸರನ್ನೂ ಬರೆಯಲಿಲ್ಲ.

ಕಾಕಾ ನನ್ನ ಭುಜದ ಮೇಲಿಂದ ಓದಿದರು. "ನನ್ನ ಹೆಸರು ಬರೀರಿ ತಂಗಿ. ಹೆಸರಿಲ್ಲದ ತಪ್ಪು ದೆವ್ವ ಇದ್ದಂಗ, ಕಂಡಕಂಡವರ ಮೈಮ್ಯಾಲ ಬರತೈತಿ."

"ನನ್ನ ಹೆಸರು ಐತಲ್ಲ ಕಾಕಾ, ಕೆಳಗ. ಸಾಕು."

ಇಂಜಿನಿಯರರು ಪುಸ್ತಕ ನೋಡಿ ಹೊರಗೆ ನಡೆದರು. ಮೋಟಾರ್ ಸೈಕಲ್ಲನ್ನು ನಾಲ್ಕು ಸಲ ಒದ್ದರು. ಐದನೆಯ ಸಲಕ್ಕೆ ಅದು ಚಾಲೂ ಆಯಿತು.

ಮಧ್ಯಾಹ್ನ ಯಜಮಾನಿಯ ಗಂಡ, ಬಣ್ಣ ಅದ್ದುವ ಹಿರಿಯರು, ಟಾಕಿಯ ಹತ್ತಿರ ಬಂದು ನಿಂತರು. ಮೊಣಕೈಯವರೆಗೂ ಕೆಂಪು. "ನನ್ನ ಕೆಂಪಿಗೆ ಯಾರು ಜವಾಬ್ದಾರಿ?" ಎಂದು ಒಂದೇ ಮಾತು ಕೇಳಿದರು.

"ಅಗಲ ಬಾನಿಯಾಗ ತುಂಬಿ ಒಂದು ದಿನ ಬಿಸಿಲಿಗೆ ತೆರದಿಡ್ರಿ, ಪುಡಿಯ ಜೋರು ಹೋಗತೈತಿ. ಮೊದಲ ಒಂದ ಲಡಿ ನೂಲು ಅದ್ದಿ ನೋಡ್ರಿ. ನೀರು ನನಗ ಗೊತ್ತು, ಕೆಂಪು ನನಗ ಗೊತ್ತಿಲ್ಲ."

"ಅಷ್ಟರ ಗೊತ್ತೈತಲ್ಲ, ಗೊತ್ತಿಲ್ಲ ಅನ್ನೂದು," ಎಂದು ಹೋದರು. ಒಪ್ಪಿದರೋ ಬೈದರೋ ತಿಳಿಯಲಿಲ್ಲ.

ದಾಖಲೆ ಪುಸ್ತಕವನ್ನು ಆ ಓಣಿಯ ಯಾರೂ ಓದುವುದಿಲ್ಲ ಎಂಬುದು ಸಂಜೆ ಹೊಳೆಯಿತು. ದವಾಖಾನೆಯ ಗೋಡೆಯ ಮೇಲಿನ ನನ್ನ ಪ್ರಮಾಣಪತ್ರವನ್ನು ನರ್ಸ್ ಎದುರಿಗೇ ಕಿತ್ತೆ. ಅವರ ಕೋಣೆಯಲ್ಲಿ ಕುಳಿತು ದೊಡ್ಡ ಹಾಳೆಯೊಂದರ ಮೇಲೆ ಅದೇ ಸಂಗತಿಯನ್ನು ದಪ್ಪ ಅಕ್ಷರದಲ್ಲಿ ಬರೆದೆ. ಕೊನೆಗೆ ಒಂದು ವಾಕ್ಯ ಸೇರಿಸಿದೆ: ಮನೆಗಳ ಕೊಡಗಳ ಮೇಲೆ ದೋಷ ಹೊರಿಸಲು ಈ ಕಚೇರಿಗೆ ಆಧಾರವಿರಲಿಲ್ಲ. ಸೊಸೆಗೆ ಕುದಿಸಿದ ನೀರು ಹೊಟ್ಟೆಯಲ್ಲಿ ನಿಂತಿದೆ, ಮಧ್ಯಾಹ್ನದಿಂದ ವಾಂತಿಯಿಲ್ಲ, ಕೂಸು ಅಲುಗಾಡುತ್ತಿದೆ ಎಂದು ನರ್ಸ್ ಹೇಳಿ ಹೋದರು.

ಮರುದಿನ ನಸುಕಿನಲ್ಲಿ ಕಾಕಾ ಪುಡಿ ಕಲಸುವಾಗ ನಾನು ಹತ್ತಿರವೇ ನಿಂತು ಗಡಿಯಾರ ನೋಡಿದೆ. ಅರ್ಧ ತಾಸಿಗೆ ಅವರು ವಾಲ್ವು ತಿರುಗಿಸಿದರು. ಹಿಂದಿನ ದಿನದ ನೀರನ್ನು ಚೆಲ್ಲಿಸಿದ್ದರಿಂದ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗೇ ಇದ್ದರು. ಕೊನೆಯ ಮನೆಯ ನಳದಲ್ಲೂ ಹನಿ ಬಿಟ್ಟ ಕೂಡಲೇ ಗಾಢ ಹಳದಿ ಬಂತು. ನೀರು ನಾರುತ್ತದೆಂದು ಹಲವರು ಮುಖ ತಿರುಗಿಸಿದರು. ನಾನು ಓಣಿಯ ನಡುವೆ ನಿಂತು ಹಾಳೆ ಬಿಡಿಸಿದೆ. ಬೀದಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ಮಾತಾಡಿ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಓದಿದೆ. ಸಹಿ ನನ್ನದು ಎಂಬಲ್ಲಿ ದನಿ ಸ್ವಲ್ಪ ಇಳಿಯಿತು, ಆದರೆ ಬಿಡದೆ ಓದಿದೆ. ಮುಗಿಸಿ ಹಾಳೆ ಮಡಚಿದೆ.

"ಕಡೀದು ಏನಂದ್ರಿ?" ಯಜಮಾನಿ ಹಿಂದಿನಿಂದ ಕೇಳಿದರು. "ಆಧಾರ ಇಲ್ಲ ಅಂದ್ರ?"

"ನಿಮ್ಮ ಕೊಡದ ತಪ್ಪು ಅಂತ ಹೇಳಿದ್ದು ಸುಳ್ಳು ಅಂತರಿ. ನಾ ಇಲ್ಲಿ ಬಂದು ನೋಡದ ಸಹಿ ಮಾಡಿದ್ದೆ."

"ಅಲ್ಲಿ ಕಡೀ ಮನಿಯವರಿಗೆ ಕೇಳಿಸಿಲ್ಲ. ಆ ಕೊಡದ ಮಾತು ಇನ್ನೊಮ್ಮೆ ಹೇಳ್ರಿ, ಗಟ್ಟಿಯಾಗಿ."

ನಾನು ಕಟ್ಟೆಯ ಮೇಲೆ ಹತ್ತಿ ನಿಂತು, ಇನ್ನೊಮ್ಮೆ ಹೇಳಿದೆ.